ಬಾಟ್ಲಿಯಲ್ಲಿ ಸಾಯಿಸಿಟ್ಟ ಸಮುದ್ರ

ತೊಳೆದ ಪಾತ್ರೆಗಳ ನಡುವೆ ಆ ಕಂದು ಗಾಜಿನ ಬಾಟ್ಲಿ ಕವುಚಿಕೊಂಡಿತ್ತು. ಬೆಳಿಗ್ಗೆ ಮಗಳ ಹಾಲಿನ ಲೋಟ ತೆಗೆಯಲು ಹೋದ ಪ್ರಾಪ್ತಿ ಅದನ್ನು ನೋಡಿ ನಿಂತಲ್ಲೇ ನಿಂತಳು. ಉಗ್ರಾಣದ ಕತ್ತಲಲ್ಲಿ, ಕುತ್ತಿಗೆಯ ತನಕ ತುಂಬಿ, ಬಿರಡೆ ಬಿಗಿದು ಇರಬೇಕಾದ ಬಾಟ್ಲಿ ಅದು. ಈಗ ಸೋಪಿನ ವಾಸನೆ ಬೀರುತ್ತಾ ಲೋಟಗಳ ಪಕ್ಕದಲ್ಲಿ ಒಣಗುತ್ತಿತ್ತು.

ಯಾವ ಬಾಟ್ಲಿ ಇದು? ಜೀವ ಇದ್ದದ್ದಾ, ಸಾಯಿಸಿದ್ದಾ?

ಈ ಪ್ರಶ್ನೆ ಒಮ್ಮೆ ತಲೆಯೊಳಗೆ ಹೊಕ್ಕದ್ದು ಮತ್ತೆ ಹೊರಗೆ ಹೋಗಲೇ ಇಲ್ಲ. ಉಗ್ರಾಣದಲ್ಲಿ ಅವಳು ತಂದಿಟ್ಟ ಬಾಟ್ಲಿ ಆರು. ಆರರಲ್ಲೂ ಸಮುದ್ರದ ನೀರು, ಆರರಲ್ಲೂ ಒಂದಿಷ್ಟು ಮಸಿಯ ಕಷಾಯ. ನಾಲ್ಕರಲ್ಲಿ ಕಣ್ಣಿಗೆ ಕಾಣದ ಜೀವಿಗಳು ತಮ್ಮ ಪಾಡಿಗೆ ಬದುಕಿಕೊಂಡಿದ್ದವು. ಉಳಿದ ಎರಡರಲ್ಲಿ ಆ ಜೀವಿಗಳನ್ನು ಸಾಯಿಸಲು ಹಾಕಿದ ಪಾದರಸದ ಉಪ್ಪು ಇತ್ತು. ವಿಷ. ನೋಡಲು ಆರೂ ಒಂದೇ.

ಧನ್ವಿ ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಮ್ಮಾ, ಹಾಲು" ಎಂದು ರಾಗ ಎಳೆಯುತ್ತಿದ್ದಳು. ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಪ್ರಾಪ್ತಿ ಮೊದಲು ಮಾಡಿದ ಕೆಲಸ, ಕೈಗೆ ಬಂದ ಲೋಟವನ್ನು ಹಾಗೆಯೇ ಇಟ್ಟು, ಕಪಾಟಿನ ಒಳಗಿಂದ ಬೇರೆ ಲೋಟ ತೆಗೆದದ್ದು. ಹೊಯ್ಯುವ ಅವಸರದಲ್ಲಿ ಹಾಲು ಕಟ್ಟೆಯ ಮೇಲೆಲ್ಲ ಚೆಲ್ಲಿತು.

ಅತ್ತೆ ಕಾಂತಿ ಜಗಲಿಯಲ್ಲಿ ಕುಳಿತು ಅಲಸಂಡೆ ಮುರಿಯುತ್ತಿದ್ದರು. ತುಳುವಿನಲ್ಲಿ ಅತ್ತೆಗೆ ಮಾಮಿ ಅನ್ನುವುದು. ಪೇಟೆಯಲ್ಲಿ ಬೆಳೆದ ಪ್ರಾಪ್ತಿಯೂ ಮದುವೆಯಾದ ದಿನದಿಂದ ಹಾಗೇ ಕರೆಯುತ್ತಿದ್ದಳು.

"ಮಾಮಿ, ಆ ಕಂದು ಬಾಟ್ಲಿ ತೊಳೆದದ್ದು ನೀವಾ?"

"ಹೌದು. ಎಂತ? ಒಳ್ಳೆ ಗಟ್ಟಿ ಗಾಜು ಮಾರಾಯ್ತಿ. ತೆಂಗಿನೆಣ್ಣೆ ಹಾಕ್ಲಿಕ್ಕೆ ಆಗ್ತದೆ."

"ಅದ್ರಲ್ಲಿದ್ದ ನೀರು?"

"ಉಪ್ಪುನೀರಾ? ಸಾತ್ವಿಕಾನ ಭರಣಿಗೆ ಹೊಯ್ದೆ ನಿನ್ನೆ."

ಸಾತ್ವಿಕಾ ಎಂದರೆ ಪ್ರಾಪ್ತಿಯ ನಾದಿನಿ. ಕಳೆದ ವರ್ಷ ನಾರಾವಿಗೆ ಮದುವೆಯಾಗಿ ಹೋದವಳು. ಹೊಸ ಮದುಮಗಳು ಆಟಿ, ಅಂದರೆ ಆಷಾಢದ ತಿಂಗಳು ತವರಿನಲ್ಲಿ ಕೂರಬೇಕೆಂಬ ಕ್ರಮದಂತೆ ಇಲ್ಲಿ ತೋಡಾರಿಗೆ ಬಂದು, ಅಮ್ಮನ ಕೈಯ ಊಟ ಉಂಡು, ಸೋಣ ತಿಂಗಳು ಶುರುವಾದ ಮೇಲೆ ನಿನ್ನೆ ತಾನೆ ಗಂಡನ ಮನೆಗೆ ಹಿಂದಿರುಗಿದ್ದಳು. ಐದು ತಿಂಗಳ ಬಸುರಿ.

"ಭರಣಿಗೆ ಅಂದ್ರೆ… ಮಾವಿನಕಾಯಿಗಾ?"

"ಮತ್ತೆಂಥದ್ದಕ್ಕೆ? ಕಾಟುಮಾವು ಅಂದ್ರೆ ಸಾಯ್ತದಲ್ಲ ಆ ಹುಡುಗಿ. ದೊಡ್ಡ ಭರಣಿಯಿಂದ ತೆಗೆದು ಸಣ್ಣದಕ್ಕೆ ಹಾಕುವಾಗ ನೀರು ಸಾಕಾಗ್ಲಿಲ್ಲ. ಮೇಲಿನ ಕಾಯಿ ನೀರಿಂದ ಹೊರಗೆ ತಲೆ ಹಾಕಿ ಕೂತಿತ್ತು. ಹಾಗೆ ಕಳಿಸಿದರೆ ಎರಡು ದಿನಕ್ಕೆ ಕೊಳೆತು ಹೋಗುವುದಿಲ್ವಾ? ಹೊಸತಾಗಿ ಉಪ್ಪುನೀರು ಕಾಯಿಸಿ ಆರಿಸಲಿಕ್ಕೆ ಪುರುಸೊತ್ತು ಎಲ್ಲಿ? ಅಳಿಯ ಜಿತೇಶರು ಕಾರು ಸ್ಟಾರ್ಟ್ ಮಾಡಿ ಹಾರ್ನ್ ಹೊಡೀತಾ ಇದ್ದರು. ನೋಡ್ತೇನೆ, ಪಕ್ಕದಲ್ಲೇ ನಿನ್ನ ಉಪ್ಪುನೀರು. ದೇವರು ಕೊಟ್ಟ ಹಾಗೆ."

"ಮಾಮಿ, ನಾನು ಮುಟ್ಟಬೇಡಿ ಅಂತ ಹೇಳಿದ್ದೆ."

ಕಾಂತಿ ತಲೆಯೆತ್ತಿ ಸೊಸೆಯನ್ನು ನೋಡಿದರು. "ನೀನು ಯಾವುದನ್ನು ಮುಟ್ಟಬೇಡಿ ಅಂತ ಹೇಳಿಲ್ಲ ಹೇಳು. ನೆಲ ಮುಟ್ಟಬೇಡಿ, ಮಗುವಿನ ಕೆನ್ನೆ ಮುಟ್ಟಬೇಡಿ, ಬೆಕ್ಕನ್ನು ಮುಟ್ಟಬೇಡಿ. ಒಂದು ಬಾಟ್ಲಿ ಉಪ್ಪುನೀರಿಗೆ ಇಷ್ಟು ಮುಖ ಬಾಡಿಸಿಕೊಳ್ತೀಯಾ? ಅಲ್ಲದೆ ಅದರಲ್ಲಿ ಉಪ್ಪು ಕಮ್ಮಿ. ನಾಲಿಗೆಗೆ ಮುಟ್ಟಿಸಿ ನೋಡಿ ಇನ್ನೊಂದು ಮುಷ್ಟಿ ಸೇರಿಸಿದೆ."

ನಾಲಿಗೆಗೆ ಮುಟ್ಟಿಸಿ.

ಹೇಳಿಬಿಡಬೇಕಿತ್ತು ಆಗಲೇ. ಬಾಯಿ ತೆರೆದಳು ಕೂಡ. ಆದರೆ ನಾಲ್ಕು ಬಾಟ್ಲಿಗಳಲ್ಲಿ ಇದ್ದದ್ದು ಬರೀ ಸಮುದ್ರವಲ್ಲವೇ? ಅತ್ತೆ ಹೊಯ್ದದ್ದು ಆ ನಾಲ್ಕರಲ್ಲಿ ಒಂದಾಗಿದ್ದರೆ? ಸುಮ್ಮನೆ ಒಂದು ಮನೆಯನ್ನೇ ಹೆದರಿಸಿದಂತಾಗುತ್ತದೆ. ಮೊದಲು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದುಕೊಂಡು ಉಗ್ರಾಣಕ್ಕೆ ಓಡಿದಳು.

ಹೆದರಿಕೆ ಪ್ರಾಪ್ತಿಗೆ ಹೊಸತಲ್ಲ. ಹುಟ್ಟಿದ್ದು ಬಂಟ್ವಾಳದ ಅಜ್ಜಿಮನೆಯಲ್ಲಿ, ನೇತ್ರಾವತಿಯ ದಂಡೆಯ ಮೇಲೆ. ಮಳೆಗಾಲದಲ್ಲಿ ಹೊಳೆ ಮೆಟ್ಟಿಲು ಹತ್ತಿ ಬರುವುದನ್ನು ಅಜ್ಜಿಯ ಸೆರಗಿನೊಳಗಿಂದ ನೋಡಿ ಬೆಳೆದವಳು. ಒಂದನೇ ಕ್ಲಾಸಿಗೆ ಅಪ್ಪ ಮಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಶಾಲೆ, ಕಾಲೇಜು, ಎಲ್ಲವೂ. ಸ್ಕೂಲ್ ಬಸ್ಸಿನಲ್ಲಿ ಬಾಗಿಲ ಬಳಿಯ ಸೀಟಿನಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಪರೀಕ್ಷೆಗೆ ಹೋಗುವಾಗ ಎರಡರ ಬದಲು ಐದು ಪೆನ್ನು. ಮದುವೆಯ ಮಂಟಪದಲ್ಲಿ, ಹಾರ ಹಾಕುವ ಹೊತ್ತಿಗೆ, ಮನೆಯ ಗ್ಯಾಸು ಬಂದ್ ಮಾಡಿದ್ದೇವಾ ಎಂದು ಅಮ್ಮನ ಕಿವಿಯಲ್ಲಿ ಕೇಳಿದವಳು.

ಆದರೂ ಅಜ್ಜಿಮನೆಯ ರಜೆಗಳಲ್ಲಿ ಒಂದು ಕುತೂಹಲವೂ ಅಂಟಿಕೊಂಡಿತ್ತು. ಹೊಳೆಯಾಚೆ ಒಂದು ಹಂಚಿನ ಕಾರ್ಖಾನೆ. ಅದರ ಚಿಮಿಣಿ ಉಗುಳಿದ ಕರಿ ಹುಡಿ ಅಜ್ಜಿ ಒಣಗಲು ಹಾಕಿದ ಬಿಳಿ ಮುಂಡಿನ ಮೇಲೆ ಬಂದು ಕೂರುತ್ತಿತ್ತು. ಒಂದು ಮಳೆ ಬಂದರೆ ಅಂಗಳ, ಹಂಚು, ಎಲೆ ಎಲ್ಲ ತೊಳೆದ ಹಾಗೆ.

"ಅಜ್ಜೀ, ಆ ಮಸಿ ಎಲ್ಲಿಗೆ ಹೋಯ್ತು?"

"ಹೊಳೆಗೆ."

"ಹೊಳೆಯಿಂದ?"

"ಸಮುದ್ರಕ್ಕೆ."

"ಸಮುದ್ರದಿಂದ?"

"ಅಲ್ಲಿಂದ ಎಲ್ಲಿಗೆ ಹೋಗ್ತದೆ ಮಗಾ? ಅಲ್ಲೇ ಬಿದ್ದಿರ್ತದೆ. ಸಮುದ್ರಕ್ಕೆ ಹೋದದ್ದನ್ನು ಯಾರು ಕೇಳ್ತಾರೆ?"

ಕೇಳುವವರೂ ಇದ್ದಾರೆ ಎಂದು ಗೊತ್ತಾದದ್ದು ಎಂ.ಎಸ್ಸಿ. ಮುಗಿದು, ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಕೆಲಸ ಸಿಕ್ಕಿದಾಗ. ಅಲ್ಲಿನ ಮುಖ್ಯಸ್ಥರು ಡಾ. ಬದ್ರುದ್ದೀನ್. ಮೆಲ್ಲ ಮಾತಾಡುವ ಮನುಷ್ಯ, ಆದರೆ ನಿಯಮದ ವಿಷಯದಲ್ಲಿ ಒಂದಿಂಚು ಬಿಡುವವರಲ್ಲ. ಕಟ್ಟಿಗೆಯೋ ಡೀಸೆಲ್ಲೋ ಅರ್ಧಂಬರ್ಧ ಉರಿದಾಗ ಉಳಿಯುವ ಮಸಿಯಲ್ಲಿ ಇಂಗಾಲ ಉಂಗುರ ಉಂಗುರವಾಗಿ, ಜೇನು ಹಲ್ಲೆಯ ಕಣ್ಣುಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ ಎಂದು ಅವರು ಮೊದಲ ದಿನವೇ ಚಿತ್ರ ಬರೆದು ತೋರಿಸಿದ್ದರು. ಮಳೆ ಅದನ್ನು ತೋಡಿಗೆ, ತೋಡು ಹೊಳೆಗೆ, ಹೊಳೆ ಸಮುದ್ರಕ್ಕೆ ಒಯ್ಯುತ್ತದೆ. ಒಂದು ಪಾಲು ತಳಕ್ಕೆ ಇಳಿಯುತ್ತದೆ. ಇನ್ನೊಂದು ಪಾಲು ನೀರಿನಲ್ಲಿ ಕರಗಿ, ಬಣ್ಣವೂ ಇಲ್ಲದೆ, ಸಾವಿರಾರು ವರ್ಷ ಸುತ್ತಾಡಿಕೊಂಡು ಇರಬಲ್ಲದು. ಆ ಉಂಗುರಗಳ ಗೊಂಚಲು ಯಾರ ಹಲ್ಲಿಗೂ ಸುಲಭಕ್ಕೆ ಸಿಗುವಂಥದ್ದಲ್ಲ.

"ಆದರೂ ತಿನ್ನುವವರು ಇದ್ದಾರೆ" ಎಂದಿದ್ದರು ಬದ್ರುದ್ದೀನ್ ಸರ್. ಮೇಲ್ನೀರಿನಲ್ಲಿ ಬಿಸಿಲು ತಾಗಿ ತಾಗಿ ಗೊಂಚಲು ಒಡೆಯುತ್ತದೆ. ಆಗ ಒಂದು ಜಾತಿಯ ಸೂಕ್ಷ್ಮಜೀವಿ ಬಂದು ಉಂಗುರದ ಒಂದು ಕಡೆಗೆ ಆಮ್ಲಜನಕ ಸಿಕ್ಕಿಸಿ ಅದನ್ನು ಬಿಚ್ಚುತ್ತದೆ. ಬಿಚ್ಚಿಟ್ಟದ್ದನ್ನು ಇನ್ನೊಂದು ಜಾತಿ ತಿನ್ನುತ್ತದೆ, ಅದರ ಎಂಜಲನ್ನು ಮತ್ತೊಂದು. ಕೆಲವಕ್ಕೆ ಬರೀ ಮಸಿ ಇಳಿಯುವುದಿಲ್ಲ. ಪಾಚಿ ಬಿಟ್ಟ ಸಿಹಿ ರಸ ಒಂದಿಷ್ಟು ಜೊತೆಗಿದ್ದರೆ ಇದನ್ನೂ ನಂಚಿಕೊಂಡು ತಿನ್ನುತ್ತವೆ. ಎಷ್ಟು ತಿನ್ನುತ್ತವೆ, ಎಷ್ಟು ಬೇಗ, ನಮ್ಮ ಕರಾವಳಿಯ ನೀರಿನಲ್ಲಿ ಯಾವ ಜಾತಿಯವು ಇವೆ? ಪ್ರಾಪ್ತಿಯ ಕೆಲಸ ಇದನ್ನು ನೋಡುವುದು.

ಮಸಿಗೆ ದೂರ ಹೋಗಬೇಕಾಗಲಿಲ್ಲ. ಪಕ್ಕದ ತೋಟದ ಮುಂಡಪ್ಪಣ್ಣನಿಗೆ ರಬ್ಬರ್ ಶೀಟು ಒಣಗಿಸುವ ಹೊಗೆಮನೆ ಉಂಟು. ಒಳಗಿನ ಗೋಡೆ ಮುಟ್ಟಿದರೆ ಮೊಣಕೈ ತನಕ ಕರಿ. ಪ್ರಾಪ್ತಿ ಮಾಸ್ಕು, ಗ್ಲೌಸು, ಕನ್ನಡಕ ಎಲ್ಲ ಹಾಕಿಕೊಂಡು ಅದನ್ನು ಕೆರೆಯಲು ಹೋದಾಗ ಮುಂಡಪ್ಪಣ್ಣ ಬಾಗಿಲಲ್ಲಿ ನಿಂತು ನಕ್ಕು ನಕ್ಕು ಸುಸ್ತಾಗಿದ್ದರು.

"ಅಲ್ಲ ಮಾರಾಯ್ತಿ, ನಾನು ಇದನ್ನು ನಲ್ವತ್ತು ವರ್ಷದಿಂದ ಮೂಗಿನಲ್ಲೇ ಸಂಗ್ರಹ ಮಾಡಿದ್ದೇನೆ. ಮೊದಲೇ ಹೇಳಿದ್ರೆ ಸೀನಿ ಕೊಡ್ತಿದ್ದೆ. ನನ್ನ ಮಸಿಗೆ ಡಾಕ್ಟರೇಟ್ ಬಂದ್ರೆ ಅರ್ಧ ನನಗೆ ಆಯ್ತಾ?"

ಅಲ್ಲಿದ್ದ ಕೆಲಸದವರೂ ನಕ್ಕರು. ಪ್ರಾಪ್ತಿಗೆ ಆ ದಿನವೂ ನಗಲು ಆಗಿರಲಿಲ್ಲ. ಅವರ ಕೆಮ್ಮು ಕೇಳಿ ಹೆದರಿಕೆಯಾಗಿತ್ತು. ಧನ್ವಿ ಹುಟ್ಟಿದ ಮೇಲಂತೂ ಅವಳ ಹೆದರಿಕೆಗೆ ಕೊಂಬು ರೆಕ್ಕೆ ಎರಡೂ ಬಂದಿದ್ದವು. ಬಾಣಂತನದಲ್ಲಿ ಅತ್ತೆ ಹರಳೆಣ್ಣೆಯ ದೀಪಕ್ಕೆ ಕಂಚಿನ ತಟ್ಟೆ ಕವುಚಿ ಕಾಡಿಗೆ ಹಿಡಿದು ತಂದಿದ್ದರು.

"ಮಾಮಿ, ಅದು ಮಸಿ. ಕಣ್ಣಿಗೆ ಬೇಡ."

"ಮಸಿಯೇ. ನಿನ್ನ ಗಂಡನ ಕಣ್ಣಿಗೂ ಇದೇ ಹಚ್ಚಿದ್ದು. ದೋಹಾದಲ್ಲಿ ಕೂತು ಇಲ್ಲಿಯ ನನ್ನ ಸೀರೆಯ ಹರಕನ್ನು ವಿಡಿಯೋ ಕಾಲಿನಲ್ಲಿ ಕಂಡುಹಿಡೀತಾನೆ ಅವನು."

ಗಂಡ ಶೋಧನ್ ದೋಹಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಮನೆಯಲ್ಲಿ ಇರುವುದು ಅತ್ತೆ, ಸೊಸೆ, ಮಗು. ಹೀಗೆ ಕಾಡಿಗೆ ಬೇಡ, ಜೇನು ಬೇಡ, ಪೌಡರು ಬೇಡ, ಬಾವಿಯ ತಣ್ಣೀರು ಬೇಡ ಎಂದು ಹೇಳಿ ಹೇಳಿ ಅವಳ 'ಬೇಡ'ಕ್ಕೆ ಆ ಮನೆಯಲ್ಲಿ ತೂಕವೇ ಇಲ್ಲದಂತಾಗಿತ್ತು. ಆಟಿಗೆ ಬಂದ ಸಾತ್ವಿಕಾ ಎರಡನೇ ದಿನವೇ ಗುರುಗುಟ್ಟಿದ್ದಳು: "ಅತ್ತಿಗೆಯ ಹತ್ರ ಉಸಿರಾಡಲಿಕ್ಕೂ ಪರ್ಮಿಷನ್ ಕೇಳ್ಬೇಕಾ ಅಂತ!"

ಬಾಟ್ಲಿಗಳು ಮನೆಗೆ ಬಂದದ್ದೂ ಹೆದರಿಕೆಯಿಂದಲೇ. ಧನ್ವಿಗೆ ಜ್ವರ ಶುರುವಾಗಿ ಇಳಿಯದೆ ಕೂತಿತ್ತು. ಮಗುವನ್ನು ಬಿಟ್ಟು ದಿನಾ ಮಂಗಳೂರಿಗೆ ಹೋಗುವುದು ಸಾಧ್ಯವಿರಲಿಲ್ಲ. ಬಾಟ್ಲಿಗಳನ್ನು ದಿನಾ ಅಲುಗಿಸಬೇಕು, ಒಳಗಿನ ಆಮ್ಲಜನಕ ಎಷ್ಟು ಇಳಿಯಿತೆಂದು ಸಣ್ಣ ಯಂತ್ರದಲ್ಲಿ ಅಳೆಯಬೇಕು. ಅಳೆಯದಿದ್ದರೆ ಅಷ್ಟು ತಿಂಗಳ ಕೆಲಸ ನೀರಿನಲ್ಲಿ ಮಾಡಿದ ಹೋಮ. ಬದ್ರುದ್ದೀನ್ ಸರ್ ಯೋಚಿಸಿ, ಜೀವ ಇರುವ ನಾಲ್ಕನ್ನು ಮನೆಗೆ ಒಯ್ಯಲು ಒಪ್ಪಿದ್ದರು.

"ಸಾಯಿಸಿದ್ದು ಇಲ್ಲೇ ಇರಲಿ ಪ್ರಾಪ್ತಿ. ಅದು ಗೇಟ್ ದಾಟಬಾರದು."

ಅವಳು ತಲೆಯಾಡಿಸಿದ್ದಳು. ಆದರೆ ಮಸಿ ಕಡಿಮೆಯಾದರೆ ಅದನ್ನು ತಿಂದದ್ದು ಜೀವಿಗಳೇ ಎಂದು ಹೇಳಲು ಸಾಯಿಸಿದ ಬಾಟ್ಲಿ ಪಕ್ಕದಲ್ಲೇ ಇರಬೇಕು. ಗಾಜಿಗೆ ಅಂಟಿಯೂ ಕಡಿಮೆಯಾಗಬಹುದಲ್ಲ? ಅದೇ ನೀರು, ಅದೇ ಮಸಿ, ಅದೇ ಕತ್ತಲು, ಅದೇ ಸೆಕೆ, ತಿನ್ನುವವರು ಮಾತ್ರ ಇಲ್ಲ. ಹಾಗಿದ್ದರೆ ಮಾತ್ರ ಹೋಲಿಕೆ. ಲ್ಯಾಬಿನ ಎ.ಸಿ.ಯಲ್ಲಿ ಅವೆರಡು, ತೋಡಾರಿನ ಸೆಕೆಯಲ್ಲಿ ಇವು ನಾಲ್ಕು ಎಂದಾದರೆ ಲೆಕ್ಕವೇ ತಪ್ಪುತ್ತದೆ. ಕೆಲಸ ಕೈತಪ್ಪೀತು ಎಂಬ ಭಯಕ್ಕೆ, ಯಾರೂ ಇಲ್ಲದ ಹೊತ್ತಿನಲ್ಲಿ, ಆ ಎರಡನ್ನೂ ಮಗಳ ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಳಿಸಿದಳು.

ಮನೆಯಲ್ಲಿ ತಂಪು, ಕತ್ತಲು ಎರಡೂ ಇದ್ದದ್ದು ಉಗ್ರಾಣದಲ್ಲಿ, ಅತ್ತೆಯ ಭರಣಿಗಳ ಸಾಲಿನ ಪಕ್ಕ. ಒಂದು ಭರಣಿಯಲ್ಲಿ ಉಪ್ಪುನೀರಿಗೆ ಹಾಕಿದ ಕಾಟುಮಾವು, ಇನ್ನೊಂದರಲ್ಲಿ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಬೇಸಿಗೆಯಲ್ಲಿ ತುಂಬಿ ಮಳೆಗಾಲಕ್ಕೆ ತೆಗೆಯುವಂಥವು.

"ಎಂಥದ್ದು ಅದು?" ಎಂದು ಕೇಳಿದ್ದರು ಕಾಂತಿ.

"ಉಪ್ಪುನೀರು ಮಾಮಿ. ಸಮುದ್ರದ್ದು, ಸೋಸಿದ್ದು. ಮುಟ್ಟಬೇಡಿ."

ವಿಷ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮಾಮಿ ಆರನ್ನೂ ಅಂಗಳಕ್ಕೆ ಎಸೆಯುತ್ತಾರೆ ಎಂದು ನುಂಗಿಕೊಂಡಿದ್ದಳು. ಬದಲಿಗೆ ಎರಡು ಬಾಟ್ಲಿಗೆ ಕೆಂಪು ಚೀಟಿ ಅಂಟಿಸಿದಳು. ಜ್ವರ ಇಳಿದ ಮಗು ಮತ್ತೆ ಹಟ ಹಿಡಿಯಿತು, ನಾದಿನಿ ಬಂದಳು, ಮನೆ ತುಂಬ ಜನ. ಕಳೆದ ವಾರದಿಂದ ಅವಳು ಬಾಟ್ಲಿಗಳತ್ತ ಸರಿಯಾಗಿ ತಿರುಗಿಯೂ ನೋಡಿರಲಿಲ್ಲ.

ಈಗ ಉಗ್ರಾಣದ ನೆಲದಲ್ಲಿ ಮೊಣಕಾಲೂರಿ ಮೊಬೈಲಿನ ಟಾರ್ಚ್ ಹಾಕಿದರೆ, ಆಟಿಯ ತೇವಕ್ಕೆ ಅಂಟು ಬಿಟ್ಟ ಕೆಂಪು ಚೀಟಿಗಳೆರಡೂ ಕೆಳಗೆ ಬಿದ್ದು ನೆಲಕ್ಕೆ ಹತ್ತಿಕೊಂಡಿದ್ದವು. ಮೇಲೆ ಐದು ಬಾಟ್ಲಿ, ಐದೂ ಬೋಳು.

ಯಂತ್ರ ಹಚ್ಚಿ ಅಳೆಯುವುದಕ್ಕಿಂತ ಬೇಗದ ದಾರಿ ಒಂದಿತ್ತು. ಜೀವ ಇರುವ ನೀರಿನಲ್ಲಿ ಇಷ್ಟು ದಿನಕ್ಕೆ ಗಾಜಿನ ಒಳಮೈಗೆ ತೆಳ್ಳಗೆ ಲೋಳೆ ಹಿಡಿದಿರುತ್ತದೆ. ತಿಂದು, ಬೆಳೆದು, ಒಟ್ಟಿಗೆ ಅಂಟಿಕೊಂಡು ಕೂತವರ ಲೋಳೆ. ಸತ್ತ ನೀರಿನಲ್ಲಿ ಅದು ಇರುವುದಿಲ್ಲ. ಮೊದಲನೆಯದನ್ನು ಓರೆ ಮಾಡಿ ಹಿಂದಿನಿಂದ ಬೆಳಕು ಹಿಡಿದಳು. ಮಂಜಿನ ಎಳೆಯಂಥದ್ದು ಗಾಜಿನ ಮೇಲೆ ನಿಧಾನಕ್ಕೆ ಜಾರಿತು. ಜೀವ ಉಂಟು. ಎರಡನೆಯದರಲ್ಲೂ ಉಂಟು. ಮೂರನೆಯದು ಕನ್ನಡಿಯಂತೆ ತಿಳಿ, ಸಾಯಿಸಿದ್ದು. ನಾಲ್ಕನೆಯದರಲ್ಲಿ ಲೋಳೆ.

ಐದನೆಯದನ್ನು ಎತ್ತುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿದಳು. ಪೊಳಲಿಯ ದೇವೀ, ಅಮ್ಮಾ, ಇದು ತಿಳಿಯಾಗಿರಲಿ. ಇದೂ ಸತ್ತದ್ದೇ ಆಗಿರಲಿ. ಆಗ ಭರಣಿಗೆ ಹೋದದ್ದು ಬರೀ ಸಮುದ್ರದ ನೀರು ಎಂದಾಗುತ್ತದೆ.

ಬೆಳಕು ಹಿಡಿದಳು. ಗಾಜಿನ ಒಳಮೈಯಲ್ಲಿ ಆ ಮಂಜಿನೆಳೆ ಸ್ವಲ್ಪ ಅಲುಗಿ, ಹರಿದು, ಮತ್ತೆ ಸೇರಿಕೊಂಡಿತು.

ನಾಲ್ಕು ಜೀವದ ಬಾಟ್ಲಿಗಳೂ ಇಲ್ಲೇ ಇದ್ದವು. ನಾರಾವಿಗೆ ಹೋದದ್ದು ವಿಷ.

ಇಷ್ಟು ದಿನ ಆ ಲೋಳೆ ಕಂಡರೆ ಅವಳಿಗೆ ಖುಷಿಯಾಗುತ್ತಿತ್ತು. ನೋಡಿ, ಮುಂಡಪ್ಪಣ್ಣನ ಮಸಿಯನ್ನು ತಿನ್ನುತ್ತಿದ್ದಾರೆ ಎಂದು. ಈಗ ಬಾಟ್ಲಿಯನ್ನು ಅದರ ಜಾಗದಲ್ಲಿ ಇಟ್ಟಳು. ಗೋಡೆಗೆ ಒರಗಿ ಲೆಕ್ಕ ಹಾಕತೊಡಗಿದಳು. ಬಾಟ್ಲಿಗೆ ಹಾಕಿದ್ದು ಚಿಟಿಕೆಯಷ್ಟೂ ಇಲ್ಲ. ಅದು ಭರಣಿಯ ನೀರಿನಲ್ಲಿ ಬೆರೆತು ಇನ್ನೂ ತೆಳ್ಳಗಾಗಿದೆ. ಒಂದು ಮಾವಿನಕಾಯಿ ಹೀರುವುದು ಅದರಲ್ಲಿ ಎಷ್ಟು? ಕಮ್ಮಿಯೇ. ಬಹಳ ಕಮ್ಮಿ. ಆದರೆ ಯಾರಿಗೆ ಕಮ್ಮಿ? ಸಾತ್ವಿಕಾಳಿಗಾ, ಅವಳ ಹೊಟ್ಟೆಯಲ್ಲಿ ಈಗಷ್ಟೇ ಒದೆಯಲು ಕಲಿತ ಕೂಸಿಗಾ? ಮೊನ್ನೆ ಸಂಜೆ ಸಾತ್ವಿಕಾ ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. "ಇಲ್ಲಿ ಅತ್ತಿಗೆ, ಇಲ್ಲಿ. ಗೊತ್ತಾಯ್ತಾ?" ಗುಳ್ಳೆ ಒಡೆದಷ್ಟು ಮೆಲ್ಲನೆ ಏನೋ ತಟ್ಟಿತ್ತು.

ಫೋನು ಕೈಯಲ್ಲೇ ಇತ್ತು. ಸಾತ್ವಿಕಾಳ ಹೆಸರು ತೆರೆದಳು, ಮುಚ್ಚಿದಳು. ಏನೆಂದು ಹೇಳುವುದು? ನಿನ್ನ ಅಮ್ಮ ನಿನಗೆ ವಿಷ ಕೊಟ್ಟು ಕಳಿಸಿದ್ದಾರೆ ಎಂದಾ? ನಾನು ವಿಷವನ್ನು ಊಟದ ಸಾಮಾನಿನ ಪಕ್ಕ ಇಟ್ಟಿದ್ದೆ ಎಂದಾ? ನಾರಾವಿಯ ಮನೆಯವರು ಏನೆಂದುಕೊಳ್ಳುತ್ತಾರೆ? ಲ್ಯಾಬಿಗೆ ಗೊತ್ತಾದರೆ ಕೆಲಸ ಹೋಯಿತು. ಬದ್ರುದ್ದೀನ್ ಸರ್‌ಗೆ ಅವರ ಮೇಲಿನವರು ಏನು ಮಾಡುತ್ತಾರೋ. ಶೋಧನ್ ದೋಹಾದಿಂದ ಒಂದೇ ಮಾತು ಕೇಳುತ್ತಾರೆ: ಆ ಬಾಟ್ಲಿ ನಮ್ಮ ಮಗಳ ಕೈಗೆ ಸಿಕ್ಕಿದ್ದರೆ?

ಸತ್ಯ ಹೇಳದೆಯೂ ಭರಣಿಯನ್ನು ಬಿಸಾಡಿಸಬಹುದಲ್ಲ ಎಂದು ತೋರಿದಾಗ ಅವಳಿಗೆ ಮುಳುಗುವಾಗ ಕಾಲಿಗೆ ನೆಲ ಸಿಕ್ಕಿದಂತಾಯಿತು. ಬೇಗ ಬೇಗ ಬರೆದಳು: "ಸಾತ್ವಿಕಾ, ಮಾವಿನಕಾಯಿ ತಿನ್ನಬೇಡ. ಇಲ್ಲಿ ದೊಡ್ಡ ಭರಣಿಯಲ್ಲಿ ಬೂಷ್ಟು ಬಂದಿದೆ. ನಿನ್ನದನ್ನೂ ಪೂರ್ತಿ ಬಿಸಾಡು."

ಕಳಿಸಿದಳು. ವಾಟ್ಸಾಪಿನಲ್ಲಿ ಒಂದೇ ಟಿಕ್ ಬಿತ್ತು, ಇನ್ನೂ ತಲುಪಿಲ್ಲವೆಂದು. ನಾರಾವಿಯ ಆ ಮನೆಯಲ್ಲಿ ನೆಟ್‌ವರ್ಕ್ ಬರುವುದು ಹೋಗುವುದು ಗಾಳಿಯ ಮರ್ಜಿ. ಅವಳು ಧನ್ವಿಗೆ ದೋಸೆ ತಿನ್ನಿಸಿದಳು, ಫೋನು ನೋಡಿದಳು. ಒಂದೇ ಟಿಕ್. ಮಗುವಿನ ಬಾಯಿ ಒರೆಸಿದಳು, ನೋಡಿದಳು. ಅತ್ತೆ ಕಡೆಯುವ ಕಲ್ಲು ತೊಳೆಯುತ್ತಿದ್ದರು. ಅವರ ತುಟಿ, ಬಣ್ಣ, ನಡೆಯುವ ರೀತಿ ಎಲ್ಲವನ್ನೂ ಕಳ್ಳಗಣ್ಣಿನಿಂದ ನೋಡಿದಳು. ಒಂದು ಹನಿ ನಾಲಿಗೆಗೆ ಮುಟ್ಟಿಸಿದವರು. ಸರಿಯಾಗಿಯೇ ಇದ್ದಾರಲ್ಲ? ಹೊಟ್ಟೆನೋವು ಇದ್ದರೂ ಬಾಯಿಬಿಟ್ಟು ಹೇಳುವ ಜಾತಿಯೇ ಇದು?

ಅಂತೂ ಫೋನು ಗುಣುಗುಟ್ಟಿದಾಗ ಹೊತ್ತು ಏರಿತ್ತು. ಸಾತ್ವಿಕಾ ಬರೆದಿರಲಿಲ್ಲ, ಮಾತನಾಡಿ ಕಳಿಸಿದ್ದಳು. ಪ್ರಾಪ್ತಿ ಒತ್ತಿದಳು. ಅಡುಗೆಮನೆ ತುಂಬ ನಾದಿನಿಯ ನಗು.

"ಅತ್ತಿಗೇ! ಬೂಷ್ಟಾ? ನೀವು ಪೇಟೆಯವರಿಗೆ ಎಲ್ಲವೂ ಬೂಷ್ಟೇ ಮಾರಾಯ್ರೆ! ಉಪ್ಪುನೀರಿನ ಮಾವಿನಕಾಯಿಗೆ ಬಿಳಿ ಕೆನೆ ಬರದೆ ಮತ್ತೆಂಥದ್ದಕ್ಕೆ ಬರುವುದು? ಚಮಚದಲ್ಲಿ ತೆಗೆದು ಬಿಸಾಡಿದ್ರೆ ಆಯ್ತು. ನಮ್ಮದಕ್ಕೆ ಅದೂ ಬಂದಿಲ್ಲ. ನಿನ್ನೆ ಬಂದ ಕೂಡಲೇ ಒಂದು ಚೂರು ಬಾಯಿಗೆ ಹಾಕಿದೆ, ಭಾರೀ ಲಾಯ್ಕುಂಟು. ಇವತ್ತು ಮಧ್ಯಾಹ್ನ ಇಲ್ಲಿ ನಮ್ಮ ಅತ್ತೆ ಚಟ್ನಿ ಮಾಡ್ತಾರಂತೆ, ಗಂಜಿಗೆ, ಎಲ್ಲರಿಗೂ. ನೀವು ಹೆದರಬೇಡಿ ಆಯ್ತಾ?"

ಒಂದು ಚೂರು. ಬಾಯಿಗೆ ಹಾಕಿದೆ.

ಯಾವ ಊರಿನ ಹುಡುಗಿಗೆ ತಾನು ಬೂಷ್ಟಿನ ಕಥೆ ಕಟ್ಟಿದೆ! ಭರಣಿಯ ಕೆನೆ ತೆಗೆದು ಕಾಯಿ ತಿನ್ನುವುದನ್ನು ಹಲ್ಲು ಬರುವ ಮೊದಲೇ ಕಲಿತವಳಿಗೆ. ಪೇಟೆಯಲ್ಲಾಗಿದ್ದರೆ ಆ ಮಾತಿಗೆ ಫ್ರಿಜ್ಜೇ ಖಾಲಿಯಾಗುತ್ತಿತ್ತು.

ಹಿಂದಿನಿಂದ ಕಾಂತಿಯ ಧ್ವನಿ ಬಂತು. ಕಲ್ಲು ತೊಳೆದ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದರು.

"ಯಾವ ಭರಣಿಗೆ ಬೂಷ್ಟು ಬಂದದ್ದು?"

ಪ್ರಾಪ್ತಿ ಫೋನಿನ ಪರದೆ ಆರಿಸಿದಳು.

"ನಿನ್ನೆ ನಾನೇ ಮುಚ್ಚಳ ತೆಗೆದವಳು. ಕನ್ನಡಿ ಹಾಗಿತ್ತು ನೀರು. ಯಾಕೆ ಸುಳ್ಳು ಹೇಳಿದ್ದು ಅವಳಿಗೆ?" ಅತ್ತೆಯ ದನಿ ಏರಿತು. "ಬಸುರಿ ಹುಡುಗಿ ಆಸೆಪಟ್ಟು ಎರಡು ಮಾವಿನಕಾಯಿ ಒಯ್ದದ್ದು ನಿನ್ನ ಕಣ್ಣಿಗೆ ಚುಚ್ಚಿತಾ? ಒಂದು ಬಾಟ್ಲಿ ನೀರಿಗೆ ಇಷ್ಟು ಹೊಟ್ಟೆಕಿಚ್ಚಾ ಪ್ರಾಪ್ತಿ? ಅವಳಿಗೂ ಇದು ತವರು ಮನೆ, ತಿಳ್ಕೋ."

"ಹಾಗಲ್ಲ ಮಾಮಿ."

"ಮತ್ತೆ ಹೇಗೆ? ಹೇಳು."

ಹೊರಗೆ ಒಂದು ರಿಕ್ಷಾ ಮೂಡುಬಿದಿರೆಯ ಕಡೆಗೆ ಗುರುಗುಟ್ಟಿಕೊಂಡು ಹೋಯಿತು. ನಾರಾವಿಯಲ್ಲಿ ಈ ಹೊತ್ತಿಗೆ ಗಂಜಿ ಬೆಂದಿರುತ್ತದೆ. ಅತ್ತೆ ಅಲುಗದೆ ನಿಂತಿದ್ದರು, ಉತ್ತರ ಸಿಗದೆ ಹೋಗುವವರಲ್ಲ. ಮೊದಲು ಸರ್‌ಗೆ ಫೋನು ಮಾಡಿ ಏನು ಹೇಳಬೇಕೆಂದು ಕೇಳಿಕೊಳ್ಳಲೇ ಎಂಬ ಯೋಚನೆ ಬಂತು. ಅವರು ಎತ್ತಬೇಕು, ಅವರಿಗೆ ಎಲ್ಲ ಬಿಡಿಸಿ ಹೇಳಬೇಕು, ಅಷ್ಟರಲ್ಲಿ ಅಲ್ಲಿ ಗಂಜಿಗೆ ಚಟ್ನಿ ಬಿದ್ದಿರುತ್ತದೆ. ಅವಳು ಧನ್ವಿಯನ್ನು ಎತ್ತಿ ಸೊಂಟಕ್ಕೆ ಒತ್ತಿಕೊಂಡು, ಅತ್ತೆಯ ಮುಖ ನೋಡುತ್ತಲೇ ಸಾತ್ವಿಕಾಳ ನಂಬರು ಒತ್ತಿದಳು.

ರಿಂಗಾಯಿತು. ಮತ್ತೆ ಮತ್ತೆ ರಿಂಗಾಯಿತು. ಕಡಿದು ಹೋಯಿತು. ಇನ್ನೊಮ್ಮೆ ಒತ್ತಿದಳು. ಈ ಸಲ ಎತ್ತಿದ ಕೂಡಲೇ ಮಿಕ್ಸಿಯ ಸದ್ದು.

"ಹಲೋ, ಅತ್ತಿಗೆ? ಜೋರಾಗಿ ಹೇಳಿ, ಇಲ್ಲಿ ಚಟ್ನಿ…"

"ಮಿಕ್ಸಿ ನಿಲ್ಲಿಸಲಿಕ್ಕೆ ಹೇಳು ಸಾತ್ವಿಕಾ. ಯಾರೂ ಅದನ್ನು ಬಾಯಿಗೆ ಹಾಕಬೇಡಿ. ಯಾರೂ. ಈಗಲೇ."

"ಎಂತ ಅತ್ತಿಗೆ, ಪುನಃ ಬೂಷ್ಟಾ?"

"ಬೂಷ್ಟು ಸುಳ್ಳು. ನಾನು ಸುಳ್ಳು ಹೇಳಿದ್ದು. ಆ ಭರಣಿಯಲ್ಲಿ ವಿಷ ಉಂಟು." ತನ್ನ ಧ್ವನಿ ತನಗೇ ಬೇರೆಯವರದ್ದೆಂಬಂತೆ ಕೇಳಿಸಿತು. "ನನ್ನ ಲ್ಯಾಬಿನ ಬಾಟ್ಲಿಯ ನೀರು ಅದರಲ್ಲಿ ಸೇರಿದೆ. ಸಮುದ್ರದ ನೀರಿನ ಜೀವಿಗಳನ್ನು ಸಾಯಿಸಲಿಕ್ಕೆ ಹಾಕುವ ಪಾದರಸದ ಉಪ್ಪು ಅದರಲ್ಲಿತ್ತು. ಮನೆಗೆ ತರಬಾರದು ಅಂತ ಹೇಳಿದ್ದರು, ನಾನು ತಂದೆ. ಭರಣಿಯ ಪಕ್ಕ ಇಟ್ಟೆ. ಮಾಮಿಗೆ ಅದರಲ್ಲಿ ವಿಷ ಉಂಟು ಅಂತ ಹೇಳ್ಲಿಲ್ಲ. ಅವರದ್ದು ಏನೂ ತಪ್ಪಿಲ್ಲ. ಕೇಳ್ತಾ ಉಂಟಾ?"

ಎದುರಿಗೆ ಕಾಂತಿ ಬಾಗಿಲ ಚೌಕಟ್ಟನ್ನು ಹಿಡಿದು ಹಾಗೆಯೇ ಕೆಳಗೆ ಕುಳಿತರು. ಬಲಗೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಪ್ರಾಪ್ತಿ ಮಗುವನ್ನು ಇಳಿಸಿ, ತಾನೂ ಅವರ ಪಕ್ಕ ನೆಲದಲ್ಲೇ ಕೂತು ಅವರ ಕೈ ಹಿಡಿದುಕೊಂಡಳು.

ಆ ಕಡೆ ಸಾತ್ವಿಕಾ ಯಾರಿಗೋ ಏನೋ ಕೂಗಿ ಹೇಳಿದಳು. ಮಿಕ್ಸಿ ನಿಂತಿತು. ಹೆಂಗಸರ ದನಿಗಳು ಒಟ್ಟೊಟ್ಟಿಗೆ ಎದ್ದವು, ಒಂದು ಪಾತ್ರೆ ಬಿತ್ತು. ಸಾತ್ವಿಕಾ ಮತ್ತೆ ಫೋನಿಗೆ ಬಂದಳು.

"ಅತ್ತಿಗೆ… ನಾನು ನಿನ್ನೆ ಒಂದೇ ಚೂರು ತಿಂದದ್ದು. ಇಷ್ಟೇ ಇಷ್ಟು." ಅವಳ ಧ್ವನಿ ಸಣ್ಣ ಮಗುವಿನದ್ದಾಗಿತ್ತು. "ಮಗುವಿಗೆ ಎಂತ ಆಗುದಿಲ್ಲ ಅಲ್ವಾ?"

ಏನೂ ಆಗುವುದಿಲ್ಲ ಎಂಬ ಮಾತು ಬಾಯಿಯ ತನಕ ಬಂದಿತ್ತು.

"ನನಗೆ ಗೊತ್ತಿಲ್ಲ ಸಾತ್ವಿಕಾ. ಒಂದು ಚೂರು ಅಂದ್ರೆ ಬಹಳ ಕಮ್ಮಿ, ಅದು ನಿಜ. ಆದ್ರೆ ಡಾಕ್ಟ್ರೇ ನೋಡಿ ಹೇಳ್ಬೇಕು. ಜಿತೇಶರಿಗೆ ಈಗಲೇ ಕಾರು ತೆಗೀಲಿಕ್ಕೆ ಹೇಳು. ಮೂಡುಬಿದಿರೆಗೆ ಆಸ್ಪತ್ರೆಗೆ ಬನ್ನಿ, ನಾವೂ ಬರ್ತೇವೆ. ಮಾಮಿಯೂ ರುಚಿ ನೋಡಿದ್ದಾರೆ, ಅವರನ್ನೂ ತೋರಿಸ್ಬೇಕು. ಭರಣಿ ಚೆಲ್ಲಬೇಡಿ, ಮುಚ್ಚಿ ತನ್ನಿ. ಮೊದಲು ಕಂಡ ಡಾಕ್ಟ್ರಿಗೆ ಈ ಹೆಸರು ಹೇಳ್ಬೇಕು, ಮರ್ಕ್ಯುರಿಕ್ ಕ್ಲೋರೈಡ್. ಹೇಳು ನೋಡುವ."

"ಮರ್ಕ್ಯುರಿಕ್…" ಸಾತ್ವಿಕಾ ಅಳತೊಡಗಿದಳು.

"ಕ್ಲೋರೈಡ್. ಇನ್ನೊಮ್ಮೆ ಹೇಳು. ಇಡಬೇಡ ಫೋನು. ಕಾರು ಹತ್ತುವ ತನಕ ನನ್ನ ಹತ್ರ ಮಾತಾಡ್ತಾ ಇರು."